ಕರಗದ ಫೋಟೋ ತುಂಬಾ ಗ್ರೇನ್ಸ್. ಡಿ750 ಮಾರಿ ಎ7ಎಸ್ 3 ತಗೊಳ್ಳೋದಾ?

ತಿಗಳರಪೇಟೆ ಹುಡುಗ · ಭಾನುವಾರ ರಾತ್ರಿ 11:20

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಬರೀ ಓದ್ಕೊಂಡು ಹೋಗ್ತಿದ್ದೆ, ಇವತ್ತು ಕೇಳ್ಲೇಬೇಕು ಅನ್ನಿಸ್ತು.

ನನ್ನ ಹತ್ರ ಇರೋದು ನಿಕಾನ್ ಡಿ750, 24-120 ಎಫ್ 4 ಲೆನ್ಸು. ಈ ಸಲದ ಕರಗಕ್ಕೆ ನಮ್ಮ ಮಾವನ ಮಗ ವೀರಕುಮಾರ (ಕರಗದ ಜೊತೆ ಕತ್ತಿ ಹಿಡಿದು ಹೋಗೋರು), ಮೊದಲನೇ ವರ್ಷ. ಕತ್ತಿ ಹಿಡಿದಿರೋದು ಒಂದು ಒಳ್ಳೆ ಫೋಟೋ ಬೇಕು, 12×18 ಇಂಚು ಫ್ರೇಮ್ ಹಾಕಿಸಿ ಹಾಲ್‌ನಲ್ಲಿ ತೂಗುಹಾಕ್ತೀವಿ ಅಂತ ಅತ್ತೆ ಮೂರು ತಿಂಗಳ ಮುಂಚೆನೇ ಹೇಳಿಟ್ಟಿದ್ರು. ಧರ್ಮರಾಯಸ್ವಾಮಿ ಗುಡಿ ಮುಂದೆ ನಡುರಾತ್ರಿ ದಾಟೋ ತನಕ ನಿಂತು ಕಾಲು ಬಿದ್ದುಹೋಯ್ತು. ಕರಗ ಹೊರಗೆ ಬಂತು, ‘ಗೋವಿಂದಾ ಗೋವಿಂದಾ’ ಅಂತ ಕಿವಿ ತುಂಬೋ ಕೂಗು, ನಾನು ಮುನ್ನೂರು ಚಿಲ್ಲರೆ ಕ್ಲಿಕ್ ಮಾಡಿದೀನಿ.

ಮನೆಗೆ ಬಂದು ಲ್ಯಾಪ್‌ಟಾಪಲ್ಲಿ ನೋಡಿದ್ರೆ ಹುಡುಗನ ಮುಖ ಪೂರ್ತಿ ಕಪ್ಪು. ಎಕ್ಸ್‌ಪೋಶರ್ ಎತ್ತಿದ್ರೆ ಕೆನ್ನೆ ಮೇಲೆಲ್ಲ ರಾಗಿಹಿಟ್ಟು ಎರಚಿದ ಹಾಗೆ, ಅದರ ಮಧ್ಯೆ ಕೆಂಪು ಹಸಿರು ಚುಕ್ಕೆ. ಮುಖ ಕಾಣೋ ಹೊತ್ತಿಗೆ ಹಿಂದೆ ಇರೋ ಮಲ್ಲಿಗೆ ಸುಟ್ಟು ಬಿಳಿ ಬಟ್ಟೆ ಆಗಿರುತ್ತೆ.

ಒಂದು ಅಂಗಡಿಯಲ್ಲಿ ವಿಚಾರಿಸ್ದೆ. “ಸರ್, ನಿಮ್ಮದು 24 ಮೆಗಾಪಿಕ್ಸೆಲ್, ಅದಕ್ಕೇ ನಾಯ್ಸು, ಈ ಕಾಳು ಕಾಳು. ಸೋನಿ ಎ7ಎಸ್ 3 ಬರೀ 12. ಪಿಕ್ಸೆಲ್ ಎರಡರಷ್ಟು ದೊಡ್ಡದು, ಬೆಳಕೂ ಎರಡರಷ್ಟು” ಅಂದ್ರು. ಡಿ750ಗೆ ಎಕ್ಸ್‌ಚೇಂಜ್ ಅಂತ ಅವರು ಹೇಳಿದ ರೇಟ್ ಕೇಳಿ ನಗು ಬಂತು, ಅದು ಬೇರೆ ಮಾತು. ಸಾಲ ಮಾಡಿ ತಗೊಂಡ್ರೆ ಮುಂದಿನ ವರ್ಷ ಈ ರಾಗಿಹಿಟ್ಟು ಹೋಗುತ್ತಾ?


ಮದುವೆಮನೆ ಸ್ಟುಡಿಯೋ · ಭಾನುವಾರ ರಾತ್ರಿ 11:48

ತಗೋ ಗುರು, ಯೋಚ್ನೆ ಮಾಡ್ಬೇಡ.

ನಾವು 400 ಸ್ಪೀಡ್ ರೋಲ್ ಹಾಕಿ ಲ್ಯಾಬ್‌ನಲ್ಲಿ 1600ಕ್ಕೆ ಪುಶ್ ಮಾಡಿಸ್ತಿದ್ದ ಕಾಲದವರು. ಗ್ರೇನ್ಸ್ ಅಂದ್ರೆ ಏನು ಅಂತ ನಮಗೆ ಕೇಳು. 2008ರಲ್ಲಿ ನಿಕಾನ್ ಡಿ700 ಬಂದಾಗ ಮೊದಲನೇ ಸಲ ಐಎಸ್‌ಒ (ಬೆಳಕಿಗೆ ಸ್ಪಂದಿಸೋ ಮಟ್ಟ) 3200 ಇಟ್ಟು ಧಾರೆ ತೆಗೆದೆ. ಬೆಳಗಿನ ಜಾವ ಐದು ಗಂಟೆ ಮುಹೂರ್ತ, ಛತ್ರದಲ್ಲಿ ಎರಡೇ ಟ್ಯೂಬ್‌ಲೈಟು, ಫ್ಲ್ಯಾಶ್ ಹಾಕ್ಬೇಡಿ ಅಂತ ಪುರೋಹಿತರು ಗದರಿದ್ದರು. ಆಲ್ಬಂ ನೋಡಿ ಹುಡುಗಿ ಅಪ್ಪ ಕಣ್ಣೀರು ಹಾಕಿದ್ರು. ಡಿ700 ಎಷ್ಟು ಮೆಗಾಪಿಕ್ಸೆಲ್? 12. ಎ7ಎಸ್ 3 ಎಷ್ಟು? 12. ಈಗ ನಾನು ಎರಡು ವರ್ಷದಿಂದ ಅದರಲ್ಲೇ ವಿಡಿಯೋ, ಸ್ಟಿಲ್ಸ್ ಎರಡೂ ಮಾಡ್ತಿದೀನಿ. ಐಎಸ್‌ಒ 12800 ಅಂದ್ರೆ ನನಗೆ ಲೆಕ್ಕಕ್ಕೇ ಇಲ್ಲ.


ರಂಗದ ಪಕ್ಕ · ಸೋಮವಾರ ಬೆಳಿಗ್ಗೆ 7:05

ಸಾಲ ಮಾಡೋಕೆ ಮುಂಚೆ ಒಂದು ಫೈಲ್‌ನ ವಿವರ ಹಾಕಿ. ಶಟರ್ ಎಷ್ಟು, ಐಎಸ್‌ಒ ಎಷ್ಟು, ಎಷ್ಟು ಸ್ಟಾಪ್ ಎತ್ತಿದ್ರಿ (ಒಂದು ಸ್ಟಾಪ್ ಅಂದ್ರೆ ಬೆಳಕು ಎರಡರಷ್ಟು)? ಕ್ಯಾಮೆರಾ ಹೆಸರು ಬಿಟ್ಟು ಬೇರೇನೂ ಹೇಳಿಲ್ಲ ನೀವು.


ತಿಗಳರಪೇಟೆ ಹುಡುಗ · ಸೋಮವಾರ ಬೆಳಿಗ್ಗೆ 8:30

ಸಾರಿ ಮೇಡಂ. ಎಫ್ 4, 1/800, ಐಎಸ್‌ಒ 6400. ಆಮೇಲೆ ಲೈಟ್‌ರೂಮ್ ಎಡಿಟಿಂಗ್ ಸಾಫ್ಟ್‌ವೇರಲ್ಲಿ ಎರಡು ಸ್ಟಾಪ್ ಎತ್ತಿದೀನಿ. ಬಸ್ಸಲ್ಲಿದೀನಿ, ಫೋಟೋ ಸಂಜೆ ಹಾಕ್ತೀನಿ.


ಗಾಂಧಿಬಜಾರ್ ಕಣ್ಣು · ಸೋಮವಾರ ಬೆಳಿಗ್ಗೆ 9:10

1/800 ಯಾಕಪ್ಪ? ವೀರಕುಮಾರ ಏನು ಮಿಂಚುಳ್ಳಿನಾ?


ತಿಗಳರಪೇಟೆ ಹುಡುಗ · ಸೋಮವಾರ ಬೆಳಿಗ್ಗೆ 9:14

ಅಯ್ಯೋ. ಹೌದು ಸರ್. ಜನವರಿಯಲ್ಲಿ ಹೆಬ್ಬಾಳ ಕೆರೆಗೆ ಹಕ್ಕಿ ತೆಗೆಯೋಕೆ ಹೋಗಿದ್ದೆ. ಎಸ್ ಮೋಡ್‌ನಲ್ಲಿ 1/800, ಆಟೋ ಐಎಸ್‌ಒ ಗರಿಷ್ಠ 6400. ಅದನ್ನ ವಾಪಸ್ ಬದಲಾಯಿಸೇ ಇಲ್ಲ.


ಸುಮ್ನೆ ಓದೋನು · ಸೋಮವಾರ ಬೆಳಿಗ್ಗೆ 9:20

ಸಾಲ ಉಳೀತು.


ಗಾಂಧಿಬಜಾರ್ ಕಣ್ಣು · ಸೋಮವಾರ ಮಧ್ಯಾಹ್ನ 1:40

ಊಟದ ಹೊತ್ತಲ್ಲಿ ನಿಧಾನಕ್ಕೆ ಬರೀತಿದೀನಿ, ಸ್ವಲ್ಪ ಉದ್ದ ಆಗುತ್ತೆ.

ಮೊದಲು ಲೆಕ್ಕ. ಲೆನ್ಸ್ ಎಫ್ 4ಕ್ಕಿಂತ ತೆರೆಯೋಲ್ಲ (ಎಫ್ ನಂಬರ್ ಸಣ್ಣದಾದಷ್ಟೂ ಬೆಳಕು ಜಾಸ್ತಿ), ಶಟರ್ ನೀವೇ 1/800ಕ್ಕೆ ಕಟ್ಟಿಹಾಕಿದೀರಿ, ಐಎಸ್‌ಒ 6400ಕ್ಕೆ ಹೋಗಿ ನಿಂತಿದೆ. ಕ್ಯಾಮೆರಾಗೆ ದಾರಿ ಇಲ್ಲ, ಎರಡು ಸ್ಟಾಪ್ ಕತ್ತಲಾಗಿ ಬಂತು. ನೀವು ಅದನ್ನ ಎತ್ತಿದಿರಿ. ಅಂದ್ರೆ ನೀವು ನೋಡ್ತಿರೋದು ಐಎಸ್‌ಒ 6400 ನಾಯ್ಸ್ ಅಲ್ಲ, 25600ದು. ಅದೇ ಜಾಗದಲ್ಲಿ 85 ಎಫ್ 1.8 ಲೆನ್ಸ್ ಇದ್ದಿದ್ರೆ 2.3 ಸ್ಟಾಪ್ ಹೆಚ್ಚು ಬೆಳಕು. ಶಟರ್ 1/200 ಇಟ್ಟಿದ್ರೆ ಇನ್ನೆರಡು. ಒಟ್ಟು ಸುಮಾರು ಇಪ್ಪತ್ತು ಪಟ್ಟು. ಅದೇ ಡಿ750 ಐಎಸ್‌ಒ 1250 ಹತ್ರ ಕೂತ್ಕೊಂಡು ಆರಾಮಾಗಿ ತೆಗೀತಿತ್ತು. ಜಗತ್ತಿನ ಯಾವ ಫುಲ್‌ಫ್ರೇಮ್ (36×24 ಮಿಲಿಮೀಟರ್ ಸೆನ್ಸರ್ ಇರೋ) ಬಾಡಿಯೂ ಇನ್ನೊಂದಕ್ಕಿಂತ ಇಪ್ಪತ್ತು ಪಟ್ಟು ಮೇಲಲ್ಲ.

ಈಗ ಅಂಗಡಿಯವರ ‘ದೊಡ್ಡ ಪಿಕ್ಸೆಲ್’ ಮಾತು. ನಾನು ಬಸವನಗುಡಿಯವನು, ಕಡಲೆಕಾಯಿ ಪರಿಷೆ ಲೆಕ್ಕದಲ್ಲೇ ಹೇಳ್ತೀನಿ. ಬೆಳಕು ನೀರಿನ ಹಾಗೆ ಒಂದೇ ಸಮ ಸುರಿಯೋದಲ್ಲ, ಕಾಳು ಕಾಳಾಗಿ ಬೀಳುತ್ತೆ. ಒಂದು ಪಾವಿಗೆ ಸರಾಸರಿ 100 ಕಾಳು ಬೀಳಬೇಕಾದ ಕಡೆ ಒಮ್ಮೆ 92, ಒಮ್ಮೆ 109. ಏರುಪೇರು ಯಾವಾಗಲೂ ವರ್ಗಮೂಲದಷ್ಟು: 100ಕ್ಕೆ 10, 400ಕ್ಕೆ 20, 10,000ಕ್ಕೆ 100. ನೂರಕ್ಕೆ ಹತ್ತು ಅಂದ್ರೆ ಹತ್ತು ಪರ್ಸೆಂಟ್ ಏರುಪೇರು, ಹತ್ತು ಸಾವಿರಕ್ಕೆ ನೂರು ಅಂದ್ರೆ ಒಂದೇ ಪರ್ಸೆಂಟ್. ಕತ್ತಲಲ್ಲಿ ಮುಖದ ಮೇಲೆ ಕಾಣೋ ರಾಗಿಹಿಟ್ಟಿನ ಬಹುಪಾಲು ಇದೇ. ಅದು ಕ್ಯಾಮೆರಾದ ತಪ್ಪಲ್ಲ, ಬೆಳಕಿನ ಗುಣವೇ ಹಾಗೆ.

ಎ7ಎಸ್ 3ರ ಪಿಕ್ಸೆಲ್ ಸೇರು ಅಂತ ಇಟ್ಕೊಳ್ಳಿ. 61 ಮೆಗಾಪಿಕ್ಸೆಲ್ ಇರೋ ಸೋನಿ ಎ7ಆರ್ 4ರದು ಪಾವಿಗಿಂತ ಒಂಚೂರು ಕಮ್ಮಿ. ಗೋಣಿಚೀಲ, ಅಂದ್ರೆ ಪೂರ್ತಿ ಸೆನ್ಸರ್, ಮಾತ್ರ ಇಬ್ಬರದೂ ಒಂದೇ, 36×24 ಮಿಲಿಮೀಟರ್. ಪಾವಿನಲ್ಲಿ ಅಳೆದ್ರೇನು, ಸೇರಿನಲ್ಲಿ ಅಳೆದ್ರೇನು, ಚೀಲಕ್ಕೆ ಬಿದ್ದ ಕಾಯಿ ಅಷ್ಟೇ. ಒಂದೊಂದು ಪಾವನ್ನ ಬೇರೆ ಬೇರೆ ನೋಡಿದ್ರೆ ಏರುಪೇರು ಜಾಸ್ತಿ ಕಾಣುತ್ತೆ, ನೂರು ಪರ್ಸೆಂಟ್ ಜೂಮ್ ಮಾಡಿ ನೋಡೋರು ಮಾಡೋದು ಇದನ್ನೇ. ನಾಲ್ಕು ಪಾವು ಸೇರಿಸಿ ಒಂದು ಸೇರು ಮಾಡಿ ನೋಡಿದ್ರೆ ಅಲ್ಲಿಗಲ್ಲಿಗೆ ಸರಿಹೋಯ್ತು.

ಪೂರ್ತಿ ಸರಿಹೋಗುತ್ತಾ ಅಂದ್ರೆ, ಇಲ್ಲ. ಪ್ರತಿ ಸಲ ಅಳೆದು ಸುರಿಯುವಾಗ ಕೈ ನಡುಗಿ ಒಂದೆರಡು ಕಾಯಿ ಆಚೀಚೆ ಆಗುತ್ತೆ. ಇದು ರೀಡ್ ನಾಯ್ಸ್. ಅಳತೆ ಯಾವುದಾದ್ರೂ ಸಲಕ್ಕೆ 2 ಅಂತ ಇಟ್ಕೊಂಡ್ರೆ, ಸೇರು ಒಂದೇ ಸಲ ಸುರಿಯುತ್ತೆ, ಪಾವು ನಾಲ್ಕು ಸಲ ಸುರಿಯುತ್ತೆ, ಒಟ್ಟು ನಡುಕ 4. ಕಾಯಿ 400 ಇದ್ದಾಗ ಸೇರಿನ ಏರುಪೇರು 20.1, ಪಾವಿನದು 20.4. ಯಾರ ಕಣ್ಣಿಗೂ ಕಾಣೋಲ್ಲ. ಅದೇ ಗಾಢ ನೆರಳಲ್ಲಿ ಕಾಯಿ ಬರೀ 12 ಇದ್ದಾಗ? ಸೇರಿನದು 4, ಪಾವಿನದು 5.3. ಈಗ ಕಾಣುತ್ತೆ. 12 ಮೆಗಾಪಿಕ್ಸೆಲ್‌ಗೆ ಲಾಭ ಇರೋದು ಈ ಕತ್ತಲ ತಳದಲ್ಲಿ ಮಾತ್ರ. ಅದೂ ನಿಜವಾದ ಚಿಕ್ಕ ಪಿಕ್ಸೆಲ್‌ಗಳ ಕೈನಡುಕ ಸಾಮಾನ್ಯವಾಗಿ ಇನ್ನೂ ಕಮ್ಮಿ, ಹಾಗಾಗಿ ವ್ಯತ್ಯಾಸ ನನ್ನ ಲೆಕ್ಕಕ್ಕಿಂತ ಸಣ್ಣದು.


ಮದುವೆಮನೆ ಸ್ಟುಡಿಯೋ · ಸೋಮವಾರ ಮಧ್ಯಾಹ್ನ 3:25

ಲೆಕ್ಕ ಚೆನ್ನಾಗಿದೆ ಸ್ವಾಮಿ, ಆದ್ರೆ ಎಲ್ಲಾ ನಾಯ್ಸೂ ಒಂದೇ ಅಲ್ಲ. ಕಾಳು ಕಾಳಾಗಿ ಇದ್ರೆ ಕಣ್ಣು ಒಪ್ಕೊಳುತ್ತೆ, ಫಿಲ್ಮ್ ಥರ ಅನ್ಸುತ್ತೆ. ಗೆರೆ ಗೆರೆಯಾಗಿ ಬಂದ್ರೆ ಮುಗೀತು. ನನ್ನ ಹತ್ರ ಕ್ಯಾನನ್ 5ಡಿ ಮಾರ್ಕ್ 2 ಇತ್ತು. ಬಣ್ಣ ಅಂದ್ರೆ ಅದರದ್ದೇ, ಆ ಚರ್ಮದ ಬಣ್ಣ ಇವತ್ತಿಗೂ ನನಗೆ ಸಿಕ್ಕಿಲ್ಲ. ಆದ್ರೆ ರಿಸೆಪ್ಷನ್‌ನಲ್ಲಿ ಮದುಮಗನ ಕಪ್ಪು ಸೂಟು ಒಂಚೂರು ಎತ್ತಿದ್ರೆ ಸಾಕು, ಮಗ್ಗದಲ್ಲಿ ನೇಯ್ದ ಹಾಗೆ ಅಡ್ಡ ಉದ್ದ ಪಟ್ಟೆ. ಅದರಲ್ಲಿ ಐಎಸ್‌ಒ ಕಮ್ಮಿ ಇಟ್ಟು ಆಮೇಲೆ ಎತ್ತೋ ಆಟ ನಡೀತಿರ್ಲಿಲ್ಲ. ಬೇಕಾದಷ್ಟು ಐಎಸ್‌ಒ ಕ್ಯಾಮೆರಾದಲ್ಲೇ ಇಡ್ಬೇಕು.

ನಿಮ್ಮ ಡಿ750 ಹಾಗಲ್ಲ ಅಂತ ಒಪ್ತೀನಿ. ಮಲ್ಲಿಗೆ ಸುಡಬಾರದು ಅಂದ್ರೆ 1600ರಲ್ಲೇ ತೆಗೆದು ಎರಡು ಸ್ಟಾಪ್ ಎತ್ತಿದ್ರೂ 6400ರಲ್ಲಿ ತೆಗೆದ ಹಾಗೇ ಇರುತ್ತೆ, ಮೇಲುಗಡೆ ಎರಡು ಸ್ಟಾಪ್ ಬಿಳಿ ಉಳಿಯುತ್ತೆ. ಎತ್ತಿದ್ದು ತಪ್ಪಲ್ಲ, ಬೆಳಕೇ ಒಳಗೆ ಬಿಟ್ಟಿಲ್ಲ ನೀವು.

ಮತ್ತೆ ಎ7ಎಸ್ 3 ಬಗ್ಗೆ ಕೆಟ್ಟದಾಗಿ ಮಾತಾಡ್ಬೇಡಿ. ವಿಡಿಯೋದವರಿಗೆ ಅದು ಬೇರೆಯೇ. ಪಿಕ್ಸೆಲ್ ಕಮ್ಮಿ ಇರೋದ್ರಿಂದ 4ಕೆಗೆ ಎಲ್ಲವನ್ನೂ ಬೇಗ ಬೇಗ ಓದಿ ಮುಗಿಸುತ್ತೆ, ಸಾಲು ಬಿಡೋಲ್ಲ, ಓಡೋ ಮನುಷ್ಯ ವಾಲೋದೂ ಕಮ್ಮಿ.


ಎಣ್ಣೆದೀಪ · ಸೋಮವಾರ ರಾತ್ರಿ 10:15

ಈ ಜಗಳ ನಮ್ಮ ಮನೇಲೂ ಆಗಿತ್ತು. ನಾನು ಡಿ750, ಫ್ರೆಂಡ್ ಎ7ಎಸ್ 3, ಚಿಕ್ಕಪ್ಪನ ಮಗ ಎ7ಆರ್ 4. ಒಂದು ಭಾನುವಾರ ಮೂರನ್ನೂ ಎದುರುಬದುರು ಕೂರಿಸಿಯೇ ಬಿಟ್ವಿ.

ಲೆನ್ಸ್ ಬೇರೆ ಬೇರೆ ಆದ್ರೆ ಹೋಲಿಕೆಗೆ ಅರ್ಥ ಇಲ್ಲ. ಎಫ್ ನಂಬರ್ ಒಂದೇ ಇದ್ರೂ ಒಳಗಿನ ಗಾಜು ಎಷ್ಟು ಬೆಳಕು ದಾಟಿಸುತ್ತೆ ಅನ್ನೋದು ಲೆನ್ಸಿಂದ ಲೆನ್ಸಿಗೆ ಬೇರೆ. ಅದಕ್ಕೆ ಅಪ್ಪನ ಕಾಲದ ಮ್ಯಾನ್ಯುಯಲ್ ನಿಕ್ಕಾರ್ 50 ತೆಗೆದ್ವಿ, ಡಿ750ಗೆ ನೇರ, ಸೋನಿಗಳಿಗೆ ಗಾಜಿಲ್ಲದ ಅಡಾಪ್ಟರ್ ರಿಂಗ್. ಅಪರ್ಚರ್ ಉಂಗುರ ಎಫ್ 4ಕ್ಕೆ ತಿರುಗಿಸಿ ಮೇಲೆ ಸೆಲ್ಲೋಟೇಪ್.

ಕರಿ ಕಂಬಳಿ ಹಾಸಿ, ಅದರ ಮೇಲೆ ಅಜ್ಜಿಯ ಇಳಕಲ್ ಸೀರೆ, ಹಿತ್ತಾಳೆ ಚೊಂಬು, ಪಕ್ಕದಲ್ಲಿ ಪೇಪರ್‌ನ ಸಣ್ಣ ಅಕ್ಷರದ ಜಾಹೀರಾತು ಪುಟ. ಬೆಳಕಿಗೆ ಎರಡು ಎಣ್ಣೆ ದೀಪ. (ನನ್ನ ಹೆಸರಿನ ಕಥೆ ಇದೇ.) ಮೊದಲನೇ ಸುತ್ತು ಪೂರ್ತಿ ದಂಡ. ಬತ್ತಿ ಒಂದೇ ಸಮ ಉರಿಯೋಲ್ಲ, ಯಾರಾದ್ರೂ ಬಾಗಿಲು ತೆಗೆದ್ರೆ ಬೆಳಕು ಅರ್ಧ. ಒಂದು ಕ್ಯಾಮೆರಾಗೆ ಜಾಸ್ತಿ ಬೆಳಕು, ಇನ್ನೊಂದಕ್ಕೆ ಕಮ್ಮಿ, ಆಮೇಲೆ ‘ಸೋನಿ ಕ್ಲೀನ್ ಗುರೂ’ ಅಂತ ಕಿರುಚಾಟ. ದೀಪ ಆರಿಸಿ ಝೀರೋ ಬಲ್ಬ್ ಹಾಕಿದ್ವಿ. ಕರೆಂಟ್ 50 ಹರ್ಟ್ಸ್ ಆದ್ದರಿಂದ ಶಟರ್ 1/50. ಮೂರೂ ಐಎಸ್‌ಒ 6400, ಮೂರೂ ರಾ ಫೈಲ್ (ಸೆನ್ಸರ್ ಕೊಟ್ಟ ಹಾಗೇ ಇರೋದು), ಒಂದೇ ಸಾಫ್ಟ್‌ವೇರ್, ಶಾರ್ಪ್‌ನೆಸ್ಸೂ ನಾಯ್ಸ್ ರಿಡಕ್ಷನ್ನೂ ಸೊನ್ನೆ. ಐಎಸ್‌ಒ ನಂಬರ್ ಒಂದೇ ಇದ್ರೂ ಒಂದು ಕಂಪನಿ ಚಿತ್ರ ಸ್ವಲ್ಪ ಬೆಳ್ಳಗೆ ಕೊಡುತ್ತೆ, ಇನ್ನೊಂದು ಕಪ್ಪಗೆ. ಆ ನಂಬರ್ ಹಾಕೋದ್ರಲ್ಲಿ ಕಂಪನಿಗಳಿಗೆ ಸ್ವಾತಂತ್ರ್ಯ ಇದೆ. ಅದಕ್ಕೆ ನಂಬರ್ ನಂಬದೆ, ಬೆಳಕು, ಅಪರ್ಚರ್, ಶಟರ್ ಮೂರನ್ನೂ ಸಮ ಮಾಡಿ, ಆಮೇಲೆ ಚೊಂಬಿನ ಹೊಟ್ಟೆಯ ಹೊಳಪು ಮೂರರಲ್ಲೂ ಒಂದೇ ಆಗೋ ತನಕ ಸ್ಲೈಡರ್ ಸರಿಸಿದ್ವಿ.

ನೂರು ಪರ್ಸೆಂಟಲ್ಲಿ ನೋಡಿದಾಗ ಎ7ಆರ್ 4 ಹೊಲಸು, ಎ7ಎಸ್ 3 ನುಣುಪು. ಫ್ರೆಂಡ್ ಕಾಲರ್ ಎತ್ತಿದ. ಆಮೇಲೆ ಎಲ್ಲವನ್ನೂ ಎ7ಎಸ್ 3ರ ಅಳತೆಗೆ, 4240×2832ಕ್ಕೆ ಇಳಿಸಿದ್ವಿ. ಕಂಬಳಿ ಮಡಿಕೆಯಲ್ಲಿ ಎರಡು ಸೋನಿಗಳ ನಡುವೆ ಬೆರಳಿಟ್ಟು ತೋರಿಸೋ ವ್ಯತ್ಯಾಸ ಉಳೀಲಿಲ್ಲ. ಸೀರೆ ಅಂಚಿನ ಎಳೆಗಳು ಎ7ಆರ್ 4ರಲ್ಲಿ ಇನ್ನೂ ಬಿಡಿ ಬಿಡಿಯಾಗಿ ಇದ್ವು. ನನ್ನ ಡಿ750ದು ಅತಿ ಕಪ್ಪಗಿರೋ ಮಡಿಕೆಯಲ್ಲಿ ಸ್ವಲ್ಪ ನೇರಳೆ ಬಣ್ಣ, ನಾಯ್ಸೂ ಒಂಚೂರು ಜಾಸ್ತಿ. ಅರ್ಧ ಸ್ಟಾಪ್ ಅಂದ್ರೆ ಹೆಚ್ಚಾಯ್ತು. ಹತ್ತು ವರ್ಷ ದಾಟಿದ ಬಾಡಿ ಅದು, ಹೊಟ್ಟೆಗೆ ಹಾಲು ಹುಯ್ದ ಹಾಗಾಯ್ತು.

51200ಕ್ಕೆ ಏರಿಸಿದಾಗ ಮಾತ್ರ ಎ7ಎಸ್ 3 ಎದ್ದು ನಿಲ್ತು. ಡಿ750ಗೆ ಅದು ಎಳೆದು ಎಳೆದು ಮುಟ್ಟೋ ಕೊನೆ, ಕಂಬಳಿ ಪೂರ್ತಿ ಬದನೆಕಾಯಿ ಬಣ್ಣ. ಆದ್ರೆ 51200ರಲ್ಲಿ ತೆಗೆಯೋ ಪ್ರಸಂಗ ನನಗೆ ಜೀವನದಲ್ಲಿ ಎಷ್ಟು ಸಲ ಬರುತ್ತೆ?

6400ರ ಮೂರು ಪ್ರಿಂಟ್ ಹಾಕಿಸಿ ಹೆಸರು ಹೇಳದೆ ಅಮ್ಮನ ಕೈಗೆ ಕೊಟ್ವಿ. ಕನ್ನಡಕ ಹಾಕ್ಕೊಂಡು ಐದು ನಿಮಿಷ ನೋಡಿದ್ರು. “ಚೊಂಬು ಹುಣಸೆಹಣ್ಣು ಹಾಕಿ ಬೆಳಗಿ ಇಡ್ಬಾರ್ದಿತ್ತಾ?” ಅಂದ್ರು.


ತಿಗಳರಪೇಟೆ ಹುಡುಗ · ಸೋಮವಾರ ರಾತ್ರಿ 10:50

ಹಹ್ಹ, ನಮ್ಮತ್ತೆನೂ ಹೀಗೇ ಅಣ್ಣ. ಒಂದು ಡೌಟು. ಡಿಎಕ್ಸ್‌ಒ ಮಾರ್ಕ್ ಅನ್ನೋ ಕ್ಯಾಮೆರಾ ಪರೀಕ್ಷೆ ಸೈಟಲ್ಲಿ ಮೊದಲನೇ ಎ7ಎಸ್‌ಗೆ ಲೋ ಲೈಟ್ ಸ್ಕೋರ್ 3702, ಡಿ750ಗೆ 2956 ಇದೆ. ಏಳುನೂರು ಚಿಲ್ಲರೆ ವ್ಯತ್ಯಾಸ ದೊಡ್ಡದಲ್ವಾ?


ಗಾಂಧಿಬಜಾರ್ ಕಣ್ಣು · ಸೋಮವಾರ ರಾತ್ರಿ 11:30

ಅದು ಪರೀಕ್ಷೆ ಮಾರ್ಕ್ಸ್ ಥರ ಓದೋ ನಂಬರ್ ಅಲ್ಲ, ಐಎಸ್‌ಒ. ಚಿತ್ರ ಒಂದು ಮಟ್ಟಕ್ಕಿಂತ ಕೆಡದೆ ಯಾವ ಐಎಸ್‌ಒ ತನಕ ಹೋಗಬಹುದು ಅನ್ನೋದು. 3200ರಿಂದ 6400ಕ್ಕೆ ಹೋದ್ರೂ ಒಂದೇ ಸ್ಟಾಪ್ ತಾನೆ? ಹಾಗೆ ನೋಡಿದ್ರೆ 2956ರಿಂದ 3702 ಅಂದ್ರೆ ಕಾಲು ಭಾಗ ಹೆಚ್ಚು, ಸ್ಟಾಪ್‌ನಲ್ಲಿ ಮೂರನೇ ಒಂದು ಭಾಗ. ಡಯಲ್ ಒಂದು ಕಟಕ್. ಎರಡೂ 2014ರ ಕ್ಯಾಮೆರಾಗಳೇ.

ಇನ್ನೊಂದು ನೋಡಿ. 2018ರ ಸೋನಿ ಎ7 3ಕ್ಕೆ ಅಲ್ಲೇ 3730 ಇದೆ. ಅದು 24 ಮೆಗಾಪಿಕ್ಸೆಲ್! ಪಿಕ್ಸೆಲ್ ಎರಡರಷ್ಟಾದ್ರೂ 12 ಮೆಗಾಪಿಕ್ಸೆಲ್ ಎ7ಎಸ್ ಪಕ್ಕಕ್ಕೇ ಬಂದು ಕೂತಿದೆ. ವೈರಿಂಗ್ ಎಲ್ಲ ಸೆನ್ಸರ್ ಹಿಂದುಗಡೆಗೆ ಹೋಗಿದ್ದು, ಐಎಸ್‌ಒ 640ಕ್ಕೆ ಒಳಗಿನ ಸರ್ಕ್ಯೂಟ್ ಗೇರ್ ಬದಲಿಸೋದು, ಇವೆಲ್ಲ ಸೇರಿ ಹೀಗಾಯ್ತು. ಅದಕ್ಕೇ ಎ7 3 ಇಟ್ಟುಕೊಂಡವರು 500ರಲ್ಲಿ ತೆಗೆಯೋ ಬದಲು 640ರಲ್ಲಿ ತೆಗೆದ್ರೆ ನೆರಳು ಇನ್ನೂ ಕ್ಲೀನ್ ಬರುತ್ತೆ. ‘ಐಎಸ್‌ಒ ಏರಿಸಿದ್ರೆ ನಾಯ್ಸ್’ ಅಂತ ಕಣ್ಮುಚ್ಚಿ ಹೇಳೋರಿಗೆ ಇದನ್ನ ತೋರಿಸಿ.

ನಿಮ್ಮತ್ತೆ ಫ್ರೇಮ್‌ಗೂ ಒಂದು ಲೆಕ್ಕ: 12 ಇಂಚು ಕಡೆಗೆ ಡಿ750 ಇಂಚಿಗೆ 334 ಪಿಕ್ಸೆಲ್ ಕೊಡುತ್ತೆ, ಎ7ಎಸ್ 3 ಕೊಡೋದು 236. ಕ್ರಾಪ್ ಮಾಡಿದ್ರೆ ಇನ್ನೂ ಕಮ್ಮಿ.


ರಂಗದ ಪಕ್ಕ · ಮಂಗಳವಾರ ಬೆಳಿಗ್ಗೆ 6:40

ಎಲ್ಲರೂ ಸೆನ್ಸರ್ ಬಗ್ಗೆ ಮಾತಾಡ್ತಿದೀರಿ, ಬೆಳಕಿನ ಬಣ್ಣದ ಬಗ್ಗೆ ಯಾರೂ ಹೇಳ್ಲಿಲ್ಲ. ನಾನು ನಾಟಕ ತಂಡಗಳಿಗೆ ರಿಹರ್ಸಲ್ ದಿನ ಫೋಟೋ ತೆಗೆದುಕೊಡ್ತೀನಿ. ರಂಗಶಂಕರ, ಕಲಾಕ್ಷೇತ್ರ ಎರಡೂ ಕಡೆ ತೆಗೆದಿದೀನಿ. ಒಂದೇ ಕ್ಯಾಮೆರಾ, ಒಂದೇ ಐಎಸ್‌ಒ, ಒಂದು ದೃಶ್ಯ ಗಾಜಿನ ಹಾಗೆ, ಮುಂದಿನ ದೃಶ್ಯ ಕೊಚ್ಚೆ. ಯಾಕೆ?

ಸೆನ್ಸರ್ ಮೇಲೆ ನಾಲ್ಕು ಪಿಕ್ಸೆಲ್‌ಗೆ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಲೈಟಿನವರು ಪೂರ್ತಿ ನೀಲಿ ಎಲ್‌ಇಡಿ ಹಾಕಿದ ಕ್ಷಣ ಕೆಲಸ ಮಾಡೋದು ಹೆಚ್ಚುಕಮ್ಮಿ ಕಾಲು ಭಾಗ ಪಿಕ್ಸೆಲ್ ಮಾತ್ರ. ಉಳಿದ ಮುಕ್ಕಾಲು ಸುಮ್ನೆ ಕೂತಿವೆ. ಫುಲ್‌ಫ್ರೇಮ್ ಕೊಟ್ಟ ದುಡ್ಡು ಅಲ್ಲೇ ಹೋಯ್ತು. ಹಳದಿ ಸೀರಿಯಲ್ ಸೆಟ್, ಪಂಜು, ಎಣ್ಣೆ ದೀಪದ ಬೆಳಕಲ್ಲಿ ಇದು ತಿರುಗಾಮುರುಗಾ: ನೀಲಿ ಪಿಕ್ಸೆಲ್‌ಗೆ ಉಪವಾಸ. ನೀವು ಮುಖ ‘ಸರಿಯಾದ ಬಣ್ಣ’ಕ್ಕೆ ಬರ್ಲಿ ಅಂತ ವೈಟ್ ಬ್ಯಾಲೆನ್ಸ್ ತಣ್ಣಗೆ ಮಾಡಿದ್ರೆ ಸಾಫ್ಟ್‌ವೇರ್ ಆ ಹಸಿದ ನೀಲಿಯನ್ನ ಎರಡು ಮೂರು ಪಟ್ಟು ಎಳೆಯುತ್ತೆ. ನಿಮ್ಮ ಬಣ್ಣದ ಚುಕ್ಕೆಗಳು ಹೆಚ್ಚಾಗೋದು ಅಲ್ಲಿ. ಕರಗದ ರಾತ್ರಿ ಹಳದಿಯಾಗೇ ಇತ್ತಲ್ವಾ? ಹಳದಿಯಾಗೇ ಬಿಡಿ. ಚುಕ್ಕೆ ಅರ್ಧ ಅಲ್ಲೇ ಇಳಿಯುತ್ತೆ.

ಆಮೇಲೆ 1/800. ಒಂದೇ ಜಾಗದಲ್ಲಿ ಒಂದರ ಹಿಂದೆ ಒಂದು ತೆಗೆದ ಫೋಟೋಗಳಲ್ಲಿ ಒಂದು ಬೆಳ್ಳಗೆ, ಪಕ್ಕದ್ದು ಕಪ್ಪಗೆ ಬಂದಿದೆಯಾ ನೋಡಿ. ನಮ್ಮ ಕರೆಂಟಿಗೆ ಹಾಕಿದ ಅಗ್ಗದ ಲೈಟುಗಳು ಸೆಕೆಂಡಿಗೆ 100 ಸಲ ಏರಿ ಇಳಿಯುತ್ತವೆ. 1/100 ಇಟ್ರೆ ಒಂದು ಪೂರ್ತಿ ಏರಿಳಿತ ಒಳಗೆ ಬರುತ್ತೆ. 1/800 ಇಟ್ರೆ ಅದೃಷ್ಟ ಇದ್ರೆ ಮೇಲಿನ ತುದಿ, ಇಲ್ಲಾಂದ್ರೆ ಕೆಳಗಿನ ತುದಿ. ಸದ್ದಾಗಬಾರದು ಅಂತ ಎಲೆಕ್ಟ್ರಾನಿಕ್ ಶಟರ್ ಹಾಕಿದ್ರೆ ಅದೇ ಏರಿಳಿತ ಅಡ್ಡಪಟ್ಟಿಯಾಗಿ ಬರುತ್ತೆ, ಜನ ಅದನ್ನೂ ನಾಯ್ಸ್ ಅಂತ ಕರೀತಾರೆ. ನನ್ನ ಕ್ಯಾನನ್ ಆರ್6ರಲ್ಲಿ ಎಲೆಕ್ಟ್ರಾನಿಕ್ ಶಟರ್ ಅಂದ್ರೆ ರಾ 14 ಬಿಟ್ ಬದಲು 12 ಬಿಟ್ (ಛಾಯೆಗಳ ಮೆಟ್ಟಿಲು ಕಮ್ಮಿ), ಬಿಳಿ ಹಿನ್ನೆಲೆಯಲ್ಲಿ ಗೊತ್ತಾಗೋಲ್ಲ, ಕಪ್ಪು ಪರದೆ ಎತ್ತಿದಾಗ ಗೊತ್ತಾಗುತ್ತೆ.

ಹೊಸ ಬಾಡಿಗೆ ದುಡ್ಡು ಕೊಡೋದಾದ್ರೆ ಫೋಕಸ್‌ಗೆ ಕೊಡಿ. ಡಿ750 ಮೈನಸ್ 3 ಇವಿ (ಇವಿ ಇಳಿದಷ್ಟೂ ಕತ್ತಲು ಜಾಸ್ತಿ) ತನಕ ಫೋಕಸ್ ಮಾಡುತ್ತೆ ಅಂತ ನಿಕಾನ್ ಹೇಳಿಕೊಂಡಿದೆ, ಆರ್6 ಮೈನಸ್ 6.5 ತನಕ. ಕತ್ತಲಲ್ಲಿ ಕಣ್ಣು ಹುಡುಕಿ ಹಿಡಿಯೋದ್ರಲ್ಲಿ ಹಗಲು ರಾತ್ರಿ ವ್ಯತ್ಯಾಸ ಇದೆ. ನಾಯ್ಸ್‌ನಲ್ಲಿ ಅಷ್ಟಿಲ್ಲ.


ತಿಗಳರಪೇಟೆ ಹುಡುಗ · ಮಂಗಳವಾರ ಬೆಳಿಗ್ಗೆ 8:02

ಮೇಡಂ, ನಿಜ! ಸಾಲಾಗಿ ಎಂಟು ಫ್ರೇಮ್ ನೋಡ್ದೆ. ಮೂರು ಚೆನ್ನಾಗಿದೆ, ಎರಡು ನಡುಮಧ್ಯ, ಮೂರು ಕಗ್ಗತ್ತಲು. ನಾನು ಎತ್ತಿ ಎತ್ತಿ ಸುಸ್ತಾಗಿದ್ದು ಕಗ್ಗತ್ತಲಿದ್ದನ್ನೇ, ಅದರಲ್ಲಿ ಅವನ ಮುಖಭಾವ ಚೆನ್ನಾಗಿತ್ತು ಅಂತ.


ಬೆಟ್ಟದ ಬುಡ · ಮಂಗಳವಾರ ಮಧ್ಯಾಹ್ನ 12:30

ನಕ್ಷತ್ರದವರ ಕಡೆಯಿಂದ ಎರಡು ಮಾತು. ನಂದಿ ದಾಟಿ ಆಚೆ ಹೋಗಿ ನಾಲ್ಕು ನಿಮಿಷದ ಎಕ್ಸ್‌ಪೋಶರ್ ತೆಗೆಯೋರಿಗೆ ಇನ್ನೊಂದು ನಾಯ್ಸ್ ಇದೆ, ಶಾಖದ್ದು. ಸೆನ್ಸರ್ ಸುಮಾರು 6ರಿಂದ 8 ಡಿಗ್ರಿ ಬಿಸಿಯಾದ್ರೆ ಅದು ಎರಡರಷ್ಟಾಗುತ್ತೆ. ಲೆನ್ಸಿಗೆ ಮುಚ್ಚಳ ಹಾಕಿ ಅಷ್ಟೇ ಹೊತ್ತು ಇನ್ನೊಂದು ತೆಗೆದು ಕಳೆಯೋದು ಅದಕ್ಕೆ ಮದ್ದು. ಇಲ್ಲಾಂದ್ರೆ ಚಿಕ್ಕ ಚಿಕ್ಕ 16 ಫ್ರೇಮ್ ತೆಗೆದು ಒಂದರ ಮೇಲೊಂದು ಪೇರಿಸಿದ್ರೆ ಏರುಪೇರು ಕಾಲು ಭಾಗಕ್ಕೆ ಇಳಿಯುತ್ತೆ. ನಮ್ಮಲ್ಲಿ ಹಳೇ ಕ್ಯಾನನ್ 6ಡಿಗೆ ಇನ್ನೂ ಬೆಲೆ ಇರೋದು ಉದ್ದ ಎಕ್ಸ್‌ಪೋಶರ್‌ನಲ್ಲಿ ತಣ್ಣಗೆ ಇರುತ್ತೆ ಅಂತಲೇ. ಸೋನಿಯ ಕೆಲವು ಹಳೇ ಎ7 ಬಾಡಿಗಳು ನಾಯ್ಸ್ ಅಂದುಕೊಂಡು ಸಣ್ಣ ನಕ್ಷತ್ರಗಳನ್ನೇ ನುಂಗಿಬಿಡ್ತಿದ್ವು. ಕರಗಕ್ಕೆ ಇದ್ಯಾವುದೂ ಬೇಕಾಗಿಲ್ಲ, ಹೇಳಿದೆ ಅಷ್ಟೇ.


ಸುಮ್ನೆ ಓದೋನು · ಮಂಗಳವಾರ ಮಧ್ಯಾಹ್ನ 12:41

ಇಷ್ಟೆಲ್ಲ ಯಾಕೆ ಸರ್, 2023ರಿಂದ ಲೈಟ್‌ರೂಮಲ್ಲಿ ಎಐ ಡಿನಾಯ್ಸ್ ಇದೆ. ಒಂದು ಬಟನ್.


ಎಣ್ಣೆದೀಪ · ಮಂಗಳವಾರ ರಾತ್ರಿ 9:20

ಬಟನ್ ಒತ್ತಿ ನೋಡಿದೀನಿ. ಎರಡು ಸ್ಟಾಪ್ ಲಾಭ ಅಂತ ನಾನೂ ಒಪ್ತೀನಿ, ಪೇಪರ್ ಅಕ್ಷರಗಳು ಸೊಗಸಾಗಿ ಎದ್ದು ಬಂದ್ವು. ಆದ್ರೆ ಬೆಳಕಿನ ಕಾಳೇ ಬೀಳದ ಕಡೆ ಅದು ಊಹೆ ಮಾಡುತ್ತೆ. ಕಂಬಳಿ ಉಣ್ಣೆಯ ಎಳೆ ಹೋಗಿ ವೆಲ್ವೆಟ್ ಆಯ್ತು. ಈ ಹುಡುಗ ನಿನ್ನೆ ಹಾಕಿದ ಫೈಲ್ ಮೇಲೂ ಓಡಿಸಿ ನೋಡ್ದೆ: ಕತ್ತಿ ಫಸ್ಟ್ ಕ್ಲಾಸ್, ಅಂಚು ಹರಿತವಾಗಿದೆ. ಮಲ್ಲಿಗೆ ಥರ್ಮಾಕೋಲ್ ಉಂಡೆ. ಹುಡುಗನ ಮೀಸೆ ಈಗ ತಾನೆ ಚಿಗುರುತ್ತಿದೆಯಲ್ಲ, ಅದು ಬ್ರಷ್‌ನಲ್ಲಿ ಎಳೆದ ಹಾಗೆ. ಅರ್ಧಕ್ಕೆ ಇಳಿಸಿ ಹಾಕಿದ್ರೆ 12×18 ಪ್ರಿಂಟ್‌ಗೆ ನಡೆಯುತ್ತೆ. ಅತ್ತೆಗೆ ಹೂವಿನ ಹತ್ರ ಹೋಗಿ ನೋಡ್ಬೇಡಿ ಅಂತ ಹೇಳ್ಬೇಕು.


ರಂಗದ ಪಕ್ಕ · ಮಂಗಳವಾರ ರಾತ್ರಿ 9:45

ನನ್ನ ಹಳೇ ನಿಕಾನ್ 85 ಎಫ್ 1.8 ಮನೇಲಿ ಸುಮ್ನೆ ಇದೆ, ಕ್ಯಾನನ್‌ಗೆ ಬಂದ ಮೇಲೆ ಯಾವಾಗಲೋ ಒಮ್ಮೆ ಹಳೇ ಬಾಡಿ ಜೊತೆ ಬಳಸೋದು. ಒಂದು ವಾರ ತಗೊಂಡು ಹೋಗಿ. ಏನಾದ್ರೂ ರಾತ್ರಿ ಕಾರ್ಯಕ್ರಮ ಇದ್ರೆ ತೆಗೆದು ನೋಡಿ, ಆಮೇಲೆ ಸಾಲದ ಮಾತು.


ಮದುವೆಮನೆ ಸ್ಟುಡಿಯೋ · ಮಂಗಳವಾರ ರಾತ್ರಿ 10:05

ಬಾಡಿಗೆಗೆ ಬೇಕಾದ್ರೆ ನನ್ನ ಎ7ಎಸ್ 3 ಕೂಡ ಇದೆ. ಬಾಡಿಗೆ ಅಂದೆ, ಫ್ರೀ ಅಲ್ಲ.


ತಿಗಳರಪೇಟೆ ಹುಡುಗ · ಮುಂದಿನ ಬುಧವಾರ ರಾತ್ರಿ 11:55

ನಮ್ಮ ಬೀದಿಯಲ್ಲಿ ಅಣ್ಣಮ್ಮನ ಕೂರಿಸಿದ್ರು, ಇವತ್ತು ಮೆರವಣಿಗೆ. ಅದೇ ಡಿ750, ಮೇಡಂ ಕೊಟ್ಟ 85. ಎಂ ಮೋಡ್, ಎಫ್ 1.8, 1/200, ಆಟೋ ಐಎಸ್‌ಒ. ಹೆಚ್ಚಿನ ಫೋಟೋ 1000ರಿಂದ 2000 ಒಳಗೇ ಬಂದಿವೆ. ತಮಟೆಯವನ ಹಣೆ ಮೇಲಿನ ಬೆವರು ಹನಿ ಹನಿಯಾಗಿ ಎಣಿಸಬಹುದು. ರಾಗಿಹಿಟ್ಟು ಎಲ್ಲೂ ಇಲ್ಲ. ಅವನು ನಿಂತಾಗ 1/100ಕ್ಕೆ ಇಳಿಸಿ ಮೂರು ತೆಗೆದೆ, ಮೂರೂ ಒಂದೇ ಬೆಳಕು.

ತೊಂದರೆ ಬೇರೆ ಶುರುವಾಗಿದೆ. ತಮಟೆ ಶಾರ್ಪ್, ಮುಖ ಮಸುಕು. ಕೋಲು ಶಾರ್ಪ್, ಕೈ ಮಸುಕು. ಐವತ್ತರಲ್ಲಿ ಹದಿನೈದು ಹೀಗೆ ಹೋಗಿವೆ.


ಗಾಂಧಿಬಜಾರ್ ಕಣ್ಣು · ಗುರುವಾರ ಬೆಳಿಗ್ಗೆ 7:30

ನಾಲ್ಕು ಮೀಟರ್ ದೂರದಲ್ಲಿ 85 ಎಫ್ 1.8ಕ್ಕೆ ಶಾರ್ಪ್ ಇರೋ ಆಳ ಒಂದು ಗೇಣಷ್ಟೇ. ವೀರಕುಮಾರನ ಕತ್ತಿ ಎದೆಯಿಂದ ಮುಂದೆ ಎಷ್ಟಿರುತ್ತೆ? ಮುಂದಿನ ಕರಗಕ್ಕೆ ಎಫ್ 2.8 ಇಟ್ಟು, ಐಎಸ್‌ಒ 3200 ತನಕ ಹೋಗೋಕೆ ಬಿಡಿ. ಫೋಕಸ್ ಪಾಯಿಂಟ್ ಕಣ್ಣಿನ ಮೇಲಿರ್ಲಿ, ಡಿ750ರಲ್ಲಿ ನೀವೇ ಸರಿಸಬೇಕು. 3200ರ ಸ್ವಲ್ಪ ಗ್ರೇನ್ಸ್ ಇರ್ಲಿ ಬಿಡಿ, ಪ್ರಿಂಟ್‌ನಲ್ಲಿ ಕಾಣೋಲ್ಲ.


ತಿಗಳರಪೇಟೆ ಹುಡುಗ · ಗುರುವಾರ ಬೆಳಿಗ್ಗೆ 8:15

ಸರಿ ಸರ್. ಹಳೇ ಕಗ್ಗತ್ತಲು ಫೋಟೋನ ಕಪ್ಪುಬಿಳುಪು ಮಾಡಿ ಅತ್ತೆಗೆ ತೋರಿಸ್ದೆ. ಬಣ್ಣದ ಚುಕ್ಕೆ ಕಾಣೋಲ್ಲ, ಗ್ರೇನ್ಸ್ ಹಳೇ ಫೋಟೋ ಥರ ಇದೆ. “ನಿಮ್ಮ ತಾತನ ಫೋಟೋ ಪಕ್ಕ ಹಾಕ್ಬಹುದು” ಅಂದ್ರು. ಫ್ರೇಮ್‌ಗೆ ಕೊಟ್ಟಾಯ್ತು.

ಮೇಡಂ, ಲೆನ್ಸ್ ಶನಿವಾರ ತಂದ್ಕೊಡ್ಲಾ?


ರಂಗದ ಪಕ್ಕ · ಗುರುವಾರ ಬೆಳಿಗ್ಗೆ 8:40

ಶುಕ್ರವಾರ ಸಂಜೆ ಆರಕ್ಕೆ ರಂಗಶಂಕರದ ಕ್ಯಾಂಟೀನ್ ಹತ್ರ ಬನ್ನಿ. ಹುಡ್ ಮರೀಬೇಡಿ.


ತಿಗಳರಪೇಟೆ ಹುಡುಗ · ಗುರುವಾರ ಬೆಳಿಗ್ಗೆ 8:44

ಹುಡ್ ಇದೆ ಮೇಡಂ. ಮೆರವಣಿಗೆಯಲ್ಲಿ ಕುಂಕುಮ ಎರಚಿದ್ರಲ್ಲ, ಗಾಜಿನ ಮೇಲೂ ಒಂಚೂರು ಬಿದ್ದಿದೆ. ಒರೆಸಿ ತರ್ತೀನಿ.


ರಂಗದ ಪಕ್ಕ · ಗುರುವಾರ ಬೆಳಿಗ್ಗೆ 8:45

ಒರೆಸಬೇಡಿ!! ಬಾಯಲ್ಲೂ ಊದಬೇಡಿ. ಮುಚ್ಚಳ ಹಾಕಿ ಹಾಗೇ ತನ್ನಿ, ಬ್ಲೋಅರ್ ನನ್ನ ಬ್ಯಾಗಲ್ಲಿರುತ್ತೆ.